ಹಲ್ಲಿನ ಕ್ಲಿಪ್ಪು ನಿಮಗಾಗಿ ಅಲ್ಲ

ಹೊಲಿಗೆ ಅಂಗಡಿಯಿಂದ,
ಸೋಮವಾರ ಮಧ್ಯಾಹ್ನ

ನಮ್ಮ ಪುಟ್ಟಿಯ ಅಪ್ಪನವರಿಗೆ,

ನಿಮ್ಮ ಪತ್ರ ಬಂತು. ನಾನು ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡ ಸುದ್ದಿಯನ್ನು ನಿಮ್ಮ ತಂಗಿ ನಿಮಗೆ ಮುಟ್ಟಿಸಿದ್ದಾಳೆ. ಅವಳ ಬಾಯಲ್ಲಿ ಯಾವ ಮಾತು ತಾನೇ ನಿಂತೀತು! ನೀವೋ, ಈ ವಯಸ್ಸಿನಲ್ಲಿ ಇಷ್ಟೆಲ್ಲ ನನಗಾಗಿಯೇ ಮಾಡಿಕೊಂಡಿದ್ದೀಯ, ನಾನು ಬಿಟ್ಟುಹೋದದ್ದನ್ನೆಲ್ಲ ಮರೆತುಬಿಡು, ಭಾನುವಾರ ಪೆಟ್ಟಿಗೆ ಸಮೇತ ಮನೆಗೆ ಬರುತ್ತೇನೆ ಎಂದು ಬರೆದಿದ್ದೀರಿ. ಓದಿ ಮೈಯೆಲ್ಲ ಉರಿದುಹೋಯಿತು. ಜಗಿಯುವಾಗ ದವಡೆ ನೋಯುತ್ತಿತ್ತು, ಡಾಕ್ಟರು ಹೇಳಿದರು, ಹಾಕಿಸಿಕೊಂಡೆ. ನಿಮಗೂ ಇದಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ.

ಪೆಟ್ಟಿಗೆ ಕಟ್ಟುವ ಮೊದಲು ಈ ಬಾಯಿ ಈಗ ಹೇಗಿದೆ ಎಂದು ತಿಳಿದುಕೊಳ್ಳಿ. ಬೆಳಿಗ್ಗೆ ಕನ್ನಡಿಯ ಮುಂದೆ ತುಟಿ ಎತ್ತಿದರೆ ತಂತಿಯ ಹಿಂದೆ ಹಿಂದಿನ ದಿನದ ಸೊಪ್ಪಿನ ನಾರು ಜೋತುಬಿದ್ದಿರುತ್ತದೆ, ಉಜ್ಜಿ ಮಲಗಿದ್ದರೂ. ಬ್ರೆಡ್ಡು ತಿಂದರೆ ಅಂಟಾಗಿ ಮೆತ್ತಿಕೊಳ್ಳುತ್ತದೆ. ನಾಲಿಗೆಯಲ್ಲಿ ಕೆದಕಿ, ಬೆರಳಲ್ಲಿ ಕಿತ್ತು, ಆಮೇಲೆ ಆ ಬೆರಳನ್ನು ಮೂಸಿಯೂ ನೋಡುತ್ತೇನೆ, ಯಾಕೋ ಗೊತ್ತಿಲ್ಲ. ಥೂ! ಕೆನ್ನೆಯ ಒಳಗೆ ತಂತಿಯ ತುದಿ ಚುಚ್ಚಿ ಹುಣ್ಣಾಗಿದೆ. ತಂತಿಗೆ ಮೆತ್ತಲು ಡಾಕ್ಟರು ಕೊಟ್ಟ ಮೇಣ ಊಟದ ಮಧ್ಯೆ ಕಳಚಿಕೊಂಡು ಅನ್ನದಲ್ಲಿ ಸೇರಿಹೋಗುತ್ತದೆ. ಯಾವುದು ಮೇಣ, ಯಾವುದು ಅನ್ನ ಎಂದು ತಿಳಿಯದೆ ಎರಡನ್ನೂ ನುಂಗಿದ್ದೇನೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸಿಕ್ಕಿಸುವ ರಬ್ಬರು ಒಮ್ಮೆ ಆಕಳಿಸಿದಾಗ ಚಿಮ್ಮಿ ಪುಟ್ಟಿಯ ಟೀ ಲೋಟಕ್ಕೆ ಬಿತ್ತು. ಅವಳು ಟೀ ಚೆಲ್ಲಿ, ಲೋಟವನ್ನೂ ಕಸಕ್ಕೆ ಹಾಕಿದಳು.

ಇನ್ನು ಜೊಲ್ಲು. ತುಟಿಗಳು ಪೂರ್ತಿ ಕೂಡುವುದಿಲ್ಲವಾದ್ದರಿಂದ ಮೆಷಿನ್ನಿನ ಮೇಲೆ ಬಗ್ಗಿದರೆ ಸಾಕು, ಇಳಿಯುತ್ತದೆ. ಗಿರಾಕಿಯೊಬ್ಬರ ಬಿಳಿ ಲೈನಿಂಗ್ ಮೇಲೆ ಬಿದ್ದದ್ದನ್ನು ಇಸ್ತ್ರಿ ಹಾಕಿ ಒಣಗಿಸಿಬಿಟ್ಟೆ. ಆ ವಾಸನೆಗೆ ನನಗೇ ವಾಕರಿಕೆ ಬಂದು, ಬಟ್ಟೆ ಬದಲಿಸಿ ಮತ್ತೆ ಹೊಲಿದೆ.

ನಿಮಗೆ ಮೊದಲಿನಿಂದಲೂ ನನ್ನ ಬಾಯಿ ಅಂದರೆ ಅಷ್ಟಕ್ಕಷ್ಟೇ. ನೆಂಟರು ಬಂದಾಗ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದಿರಿ, ನಗಬೇಡ ಎಂದು. ನನ್ನ ಹಲ್ಲು ನೋಡಿ ಗುದ್ದಲಿ ಎಂದು ಹೆಸರಿಟ್ಟಿರಿ, ಪ್ರೀತಿಗೆ ಅಂದಿರಿ. ನಿಮ್ಮ ಗೆಳೆಯರೂ ಹಾಗೇ ಕರೆದರು, ನೀವು ಅವರ ಜೊತೆ ಸೇರಿ ನಕ್ಕಿರಿ. ನಗು ಬರುವ ಮೊದಲೇ ಕೈ ಬಾಯಿಗೆ ಹೋಗುವುದು ಆಗ ಅಭ್ಯಾಸವಾಯಿತು. ನೀವು ಹೋದ ಮೇಲೂ ಅದು ಹೋಗಲಿಲ್ಲ.

ಕಳೆದ ವಾರ ನಡೆದದ್ದನ್ನು ಕೇಳಿ. ನೂಲನ್ನು ಹಲ್ಲಲ್ಲೇ ಕಡಿಯುವುದು ನನ್ನ ಚಾಳಿ, ಕತ್ತರಿ ಎಷ್ಟು ಹತ್ತಿರವಿದ್ದರೂ. ಶಾಲೆಯ ಹೆಡ್‌ಮಿಸ್ಸು ಕೋಟು ಹಾಕಿ ನೋಡಲು ಬಂದಿದ್ದರು. ಅವರು ನಕ್ಕದ್ದನ್ನು ಈ ಬೀದಿಯಲ್ಲಿ ಯಾರೂ ನೋಡಿಲ್ಲ. ಅವರ ಭುಜದ ಮೇಲೆ ಗುಂಡುಸೂಜಿ ಸಿಕ್ಕಿಸಿದ್ದ ಕೋಟಿನ ಮಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಕ್ಲಿಪ್ಪಿನ ನೆನಪೇ ಇಲ್ಲದೆ, ಬಗ್ಗಿ ನೂಲಿಗೆ ಬಾಯಿ ಹಾಕಿದೆ. ನೂಲು ತಂತಿಯ ಹಿಂದೆ ಹೊಕ್ಕು ಸಿಕ್ಕಿಕೊಂಡಿತು. ಎಳೆದರೆ ಪ್ರಾಣ ಹೋಗುವ ನೋವು. ಕೈ ಬಿಟ್ಟರೆ ಗುಂಡುಸೂಜಿ ಅವರ ಭುಜಕ್ಕೆ. ನನ್ನ ಮೂಗು ಅವರ ಕಾಲರಿನ ಮೇಲೆ. ಏನ್ರೀ, ಕತ್ತು ಕಚ್ಚೋಕ್ ಹೊರಟಿದೀರಾ ಎಂದು ಕೇಳಿದರು. ಉತ್ತರ ಕೊಡಲು ಹೋದೆ, ಮಾತಿನ ಬದಲು ಜೊಲ್ಲು ಅವರ ಭುಜಕ್ಕಿಳಿಯಿತು. ಕತ್ತರಿ ತರಲು ಹೋದ ಪುಟ್ಟಿ ನಮ್ಮಿಬ್ಬರನ್ನು ನೋಡಿ ನಗು ತಡೆಯಲಾರದೆ ನೆಲದ ಮೇಲೇ ಕುಳಿತಳು.

ಹೆಡ್‌ಮಿಸ್ಸು ಎದುರಿನ ಕನ್ನಡಿ ನೋಡಿದರು. ಮೊದಲು ಮೂಗಿನಿಂದ ಒಂದು ಸದ್ದು ಬಂತು, ಆಮೇಲೆ ಗೊಳ್ಳೆಂದು ನಕ್ಕರು. ನಕ್ಕ ರಭಸಕ್ಕೆ ಅವರ ಕಟ್ಟಿಸಿದ ಹಲ್ಲಿನ ಸೆಟ್ಟು ಕಳಚಿ ಅಂಗೈಗೆ ಬಂತು. ಇದಕ್ಕೇ ಕಣ್ರೀ ನಾನು ನಗೋದಿಲ್ಲ ಎಂದು ಬೊಚ್ಚು ಬಾಯಲ್ಲೇ ಹೇಳಿ, ಮತ್ತೆ ನಕ್ಕರು. ನಾನೂ ನಕ್ಕೆ. ಕೈಗಳು ಮಡಿಕೆಯ ಮೇಲಿದ್ದವು, ಬಾಯಿ ಮುಚ್ಚಲು ಯಾವ ಕೈಯೂ ಇರಲಿಲ್ಲ. ಕನ್ನಡಿಯಲ್ಲಿ ತಂತಿ, ಸೊಪ್ಪು, ಜೊಲ್ಲು, ನೂಲು ಎಲ್ಲ ಕಂಡವು. ನೋಡಲು ಅಸಹ್ಯವಾಗಿತ್ತು. ಆದರೂ ಹೊಟ್ಟೆ ನೋಯುವಷ್ಟು ನಕ್ಕೆ, ಯಾರೂ ನನ್ನ ಕಾಲು ತುಳಿಯಲಿಲ್ಲ.

ಆವತ್ತು ಹಲ್ಲುಜ್ಜುವಾಗ ನಿಮ್ಮ ನೆನಪಾಯಿತು. ಬೇಸಿನ್ನಿಗೆ ಉಗುಳಿದ್ದಕ್ಕಿಂತ ಆ ನೆನಪೇ ಹೆಚ್ಚು ಹೇಸಿಗೆ ತರಿಸಿತು. ಭಾನುವಾರ ಬರಬೇಡಿ. ಬಂದರೆ ಬಾಗಿಲು ತೆಗೆಯುವುದಿಲ್ಲ. ಮಗಳನ್ನು ನೋಡಬೇಕೆನಿಸಿದರೆ ಅಂಗಡಿಗೆ ಬನ್ನಿ, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತು ಮಾತಾಡಿಸಿಕೊಂಡು ಹೋಗಿ. ಆರೋಗ್ಯ ನೋಡಿಕೊಳ್ಳಿ, ಅದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ಇಂತಿ,
ಪುಟ್ಟಿಯ ಅಮ್ಮ

ಮರೆತ ವಿಷಯ: ದವಡೆ ನೋವಿನ ಮಾತು ಸುಳ್ಳು. ನೀವು ನನ್ನ ವಿಚಾರ ಕೇಳುತ್ತಿದ್ದೀರಿ ಎಂದು ನಿಮ್ಮ ತಂಗಿ ಹೇಳಿದ ಮರುದಿನವೇ ಡಾಕ್ಟರ ಹತ್ತಿರ ಓಡಿದ್ದೆ. ಹಾಕಿಸಿಕೊಂಡ ಮೇಲೆ ಅವಳಿಗೆ ಹೇಳಿದ್ದೂ ನಿಮ್ಮ ಕಿವಿಗೆ ಬೀಳಲಿ ಎಂದೇ. ಅದನ್ನು ನೆನೆದರೆ ನನ್ನ ಮೇಲೇ ನನಗೆ ಅಸಹ್ಯವಾಗುತ್ತದೆ. ಇವತ್ತು ಡಾಕ್ಟರ ಹತ್ತಿರ ಮತ್ತೆ ಹೋಗಬೇಕು. ಬೇಡವೆನಿಸಿದರೆ ಈಗಲೇ ಕಿತ್ತುಹಾಕಬಹುದು ಎಂದಿದ್ದಾರೆ. ನಾನು ಈ ಸಲ ನನಗಾಗಿಯೇ ತಂತಿಯನ್ನು ಇನ್ನಷ್ಟು ಬಿಗಿ ಮಾಡಿಸಿಕೊಂಡು ಬರುತ್ತೇನೆ.