ಹಗ್ಗ ಸಡಿಲ ಬಿಟ್ಟ ವರ್ಷ

ಆರುಗುಡ್ಡೆ ದೇಶ
ಕಡಲು ಏರಿದ ಇನ್ನೂರ ಹನ್ನೊಂದನೆಯ ವರ್ಷ, ಹದಿಮೂರನೆಯ ತಿಂಗಳು, ಹಗ್ಗದ ದಿನದ ಮುನ್ನಾದಿನ

ಗಟ್ಟಿ ನೆಲದ ಹಿರಿಯರಿಗೆ ಅಕ್ಕಣಿ ಮಾಡುವ ನಮಸ್ಕಾರಗಳು.

ನಿಮಗೆ ವರ್ಷಕ್ಕೆ ಹನ್ನೆರಡೇ ತಿಂಗಳಿದ್ದವಂತೆ. ಮಳೆಗೆ ಮುಂಚೆ ಬಾವಿಯ ನೀರು ಬಾಯಿಗಿಡಲಾಗದಷ್ಟು ಉಪ್ಪಾಗುವ ದಿನಗಳನ್ನು ನಾವು ಉಪ್ಪುಗಾಲ ಎನ್ನುತ್ತೇವೆ. ಅದೇ ನಮ್ಮ ಹದಿಮೂರನೆಯ ತಿಂಗಳು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ಸತ್ತವರಿಗೆ ಕಾಗದ ಬರೆದು ಇಳಿತದ ನೀರಿಗೆ ಬಿಡುವುದು ನಮ್ಮ ರೂಢಿ. ನಮಗೆ ನೀವು ಸತ್ತು ಬಹಳ ಕಾಲವಾಯಿತು.

ನಮ್ಮ ದೇಶದ ಭೂಗೋಳವನ್ನು ಮಕ್ಕಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಹೆಸರಿಗೆ ಆರು ಗುಡ್ಡೆ, ನೀರಿನ ಮೇಲಿರುವುದು ಒಂದು. ಹೊಳೆ ಇಲ್ಲ. ತೆಂಗು, ಹಲಸು, ಮುಳ್ಳುಗೆಣಸು ಉಂಟು. ನಮ್ಮವು ಹೊರುಮನೆಗಳು, ಅಂದರೆ ಗೋಡೆ, ಮಾಡು, ಬಾಗಿಲು ಬಿಚ್ಚಿ ತಲೆಯ ಮೇಲೆ ಹೊತ್ತು ಗುಡ್ಡೆ ಹತ್ತಬಹುದಾದ ಮನೆಗಳು. ಅಡಿಪಾಯ ಎಂಬ ಮಾತು ನಮ್ಮಲ್ಲಿ ಬೈಗುಳ. ಜಂಬದವನನ್ನು 'ಅಡಿಪಾಯದವ' ಎನ್ನುತ್ತೇವೆ.

ಚರಿತ್ರೆಯೂ ಅಷ್ಟೇ ಚಿಕ್ಕದು. ನಿಮ್ಮ ತೀರ ಮುಳುಗಿದಾಗ ಅರವತ್ತು ಮನೆಯವರು ದೋಣಿಯಲ್ಲಿ ಬಂದರು, ಬಂದವರೇ ನೆಲಕ್ಕಾಗಿ ಹೊಡೆದಾಡಿಕೊಂಡರು. ಕೊನೆಗೆ ಎಲ್ಲರೂ ಸೇರಿ ಹೊಸೆದ ತೆಂಗಿನ ನಾರಿನ ಹಗ್ಗವನ್ನು ಭರತದ ಗೆರೆಯ ಮೇಲೆ ಸುತ್ತ ಹಿಡಿದು, ಇಷ್ಟು ನಮ್ಮೆಲ್ಲರದು ಎಂದರು. ಅಂದಿನಿಂದ ಪ್ರತಿ ವರ್ಷ ಮಳೆಗೆ ಮುಂಚೆ ಹಗ್ಗ ಸುತ್ತುತ್ತೇವೆ. ಕಡಲು ತಿಂದಷ್ಟು ಹಗ್ಗ ಮಿಗುತ್ತದೆ, ಮಿಕ್ಕದ್ದನ್ನು ಕತ್ತರಿಸುತ್ತೇವೆ. ಒಂಬತ್ತು ಮಾರು ಮಿಕ್ಕರೆ ಕೆಳಕೇರಿಯವರು ಮನೆ ಹೊತ್ತು ಮೇಲೇರಬೇಕು. ಇಪ್ಪತ್ತು ದಾಟಿದರೆ ದೇಶವನ್ನೇ ಬಿಟ್ಟು ದೋಣಿ ಹತ್ತಬೇಕು. ನಮಗೆ ಬೇರೆ ಕಾನೂನಿಲ್ಲ.

ಹಗ್ಗದ ಮುಂದಿನ ತುದಿ ಹಿಡಿದು ನಡೆಯುವವಳು ನಾನು. ಹಿಂದಿನ ತುದಿ ಹಿಡಿದವರು ಹೊರಟಲ್ಲೇ ನಿಂತು, ಕೊನೆಗೆ ಮಿಕ್ಕದ್ದನ್ನು ಅಳೆಯುತ್ತಾರೆ. ನಾನು ನಡೆದದ್ದೇ ಗೆರೆ.

ಐದು ವರ್ಷದ ಹಿಂದೆ, ಹಗ್ಗದ ದಿನದ ಬೆಳಿಗ್ಗೆ, ಕೆಳಕೇರಿಯಲ್ಲಿದ್ದ ನನ್ನ ತಂಗಿ ಬಚ್ಚಿ ತನ್ನ ತೆಂಗಿನ ಮರ ತೋರಿಸಿದಳು. ಮೊದಲ ಹೊಂಬಾಳೆ ಬಿಟ್ಟಿತ್ತು. "ಅಕ್ಕಾ, ಮೂರ್ ಸಲ ಮನಿ ಹೊತ್ತಾಯ್ತ್. ಈ ವರ್ಷ ಒಂದ್ ಇಲ್ಲೇ ಇಪ್ಪುಕೆ ಬಿಡ್ ಕಾಣ್" ಎಂದಳು. ನಡೆಯುವಾಗ ಬಂಡೆಯ ಸಂದು ಬಂದಲ್ಲೆಲ್ಲ ಹಗ್ಗವನ್ನು ಬಳಸಿ, ಸಡಿಲ ಬಿಟ್ಟು ನಡೆದೆ. ಹನ್ನೊಂದು ಮಾರು ಮಿಗಬೇಕಾದಲ್ಲಿ ನಾಲ್ಕು ಮಿಕ್ಕಿತು. ಕೆಳಕೇರಿಯವರು ಕುಣಿದರು, ನನಗೂ ಸಂತೋಷವಾಯಿತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಆ ಮಳೆಗಾಲದ ಒಂದು ಅಮಾವಾಸ್ಯೆಯ ಮಧ್ಯಾಹ್ನ, ಉಣ್ಣುವ ಹೊತ್ತಿಗೆ ಭರತ ಬಂತು. ಹತ್ತೊಂಬತ್ತು ಮನೆ ಹೋದವು. ತೆಂಗಿನ ಮರ ಕಾಯಿ ಸಮೇತ ಸಿಕ್ಕಿತು, ಬಚ್ಚಿ ಸಿಗಲಿಲ್ಲ. ಜನ ಕಡಲನ್ನು ಬೈದರು. ಹಗ್ಗ ಸರಿಯಾಗಿಯೇ ಇತ್ತಲ್ಲ, ಪಾಪ, ಅಕ್ಕಣಿ ಏನು ಮಾಡಿಯಾಳು ಎಂದು ನನ್ನ ಬೆನ್ನು ಸವರಿದರು. ಆ ಕೈಗಳ ಬಿಸಿ ಈಗಲೂ ಬೆನ್ನಿನಲ್ಲಿದೆ. ಮರುವರ್ಷ ಬಿಗಿಹಿಡಿದಿದ್ದರೆ ಹಿಂದಿನ ಸಡಿಲೂ ಸೇರಿ ಮಿಕ್ಕು ಹಳೆಯ ಸುಳ್ಳು ಹೊರಬೀಳುತ್ತಿತ್ತು. ಆದ್ದರಿಂದ ಮತ್ತೆ ಸಡಿಲ ಬಿಟ್ಟೆ, ಅದರ ಮರುವರ್ಷವೂ ಬಿಟ್ಟೆ. ಸಡಿಲೆಲ್ಲ ಸೇರಿದರೆ ಇವತ್ತಿಗೆ ಇಪ್ಪತ್ತಮೂರು ಮಾರು.

ನಿಮ್ಮವರೂ ಕಡಲನ್ನು ಅಳೆದಿದ್ದರಂತೆ, ನಮಗಿಂತ ಚೆನ್ನಾಗಿ, ಕೂದಲೆಳೆಯಷ್ಟು ನಿಖರವಾಗಿ. ಅಳೆದೂ ಕೂತಿರಲ್ಲ ಎಂದು ಬೈಯಲೆಂದೇ ಈ ಕಾಗದ ಹಿಡಿದೆ. ಆದರೆ ಬೈಯುವ ಬಾಯಿ ನನಗಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಒಂದೇ ಬೇಡಿಕೆ: ಅಳೆಯುವವರ ಹತ್ತಿರ ಹೋಗುವಾಗ ನಿಮಗೆ ಬೇಕಾದ ಉತ್ತರವನ್ನು ಮುಖದ ಮೇಲೆ ಹೊತ್ತು ಹೋಗಬೇಡಿ. ಅವರೂ ಯಾರದೋ ಅಕ್ಕನಾಗಿರುತ್ತಾರೆ.

ಬಚ್ಚಿಯ ಮಗಳು ಮುತ್ತು ಈಗ ಕೆಳಕೇರಿಯಲ್ಲಿದ್ದಾಳೆ. ಇವತ್ತು ಸೊಂಟದ ಮೇಲೆ ಕೂಸು ಕೂರಿಸಿಕೊಂಡು ಬಂದು, "ದೊಡ್ಡಮ್ಮ, ನಾಳೆ ಹಗ್ಗ ಎಂತ ಹೇಳತ್ತ್? ಇಪ್ಪುದಾ, ಹೋಪುದಾ?" ಎಂದಳು. ಅವಳ ಅಮ್ಮನದೇ ಮುಖ.

ನಾಳೆ ಬಿಗಿಹಿಡಿಯುತ್ತೇನೆ. ಮಳೆಗೆ ಇನ್ನು ಹನ್ನೆರಡು ದಿನ ಇದೆ, ಅಷ್ಟರೊಳಗೆ ದೋಣಿಗಳು ದಾಟಬಹುದು. ಆರುಗುಡ್ಡೆ ಎಂಬ ದೇಶ ಅಲ್ಲಿಗೆ ಮುಗಿಯುತ್ತದೆ. ಇಷ್ಟು ಹಗ್ಗ ಒಂದೇ ವರ್ಷಕ್ಕೆ ಹೇಗೆ ಮಿಕ್ಕಿತೆಂದು ಅವರು ಕೇಳದೆ ಇರುವುದಿಲ್ಲ, ನಾನು ಹೇಳದೆ ಇರುವುದಿಲ್ಲ. ಆಮೇಲೆ ನನಗೆ ದೋಣಿಯಲ್ಲಿ ಜಾಗ ಕೊಡುವುದೂ ಬಿಡುವುದೂ ಅವರಿಗೆ ಸೇರಿದ್ದು.

ಹಗ್ಗದ ಹಿಂದಿನ ತುದಿ ಹಿಡಿಯಲು ಮುತ್ತುವನ್ನೇ ಕರೆದಿದ್ದೇನೆ.