ಉಪ್ಪು ಜಾಸ್ತಿಯಾದ ರೊಟ್ಟಿ

ಅಣ್ಣಾ,

ಭಾನುವಾರ ಚರ್ಚಿನಲ್ಲಿ ಪ್ರಭುಭೋಜನಕ್ಕೆ ಮುರಿದು ಹಂಚೋ ರೊಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು ಅಂತ ಚೀಟಿ ಕಳಿಸಿದ್ದೀಯ. ಹಳೇ ಸಭೆಯ ಪಾದ್ರಿಗಳೂ ಅದನ್ನೇ ಅಂದರು.

ದೀಕ್ಷಾಸ್ನಾನಕ್ಕೆ ನೀರು ಚಿಮುಕಿಸಬೇಕೋ, ಪೂರ್ತಿ ಮುಳುಗಿಸಬೇಕೋ ಅಂತ ಜಗಳವಾಡಿ, ನೀನು ಅರ್ಧ ಜನರನ್ನು ಕರೆದುಕೊಂಡು ಹೋಗಿ ಹೊಸ ಸಭೆ ಮಾಡಿ ಮೂರು ವರ್ಷ ಆಯ್ತು. ಅವತ್ತಿಂದ ನಮ್ಮ ಬೇಕರಿಗೂ ನೀನು ಕಾಲಿಟ್ಟಿಲ್ಲ. ಎರಡೂ ಕಡೆಯವರು 'ನಮ್ಮ ರೊಟ್ಟಿ ಬೇರೇನೇ ಸುಡಬೇಕು' ಅಂತ ಹೇಳಿ ಕಳಿಸಿದಿರಿ. ನಾನು ಹೂಂ ಅಂದೆ.

ಸುಳ್ಳು ಹೇಳಿದೆ. ಪ್ರತಿ ಶನಿವಾರ ನಾನು ಸುಡೋದು ಒಂದೇ ದೊಡ್ಡ ರೊಟ್ಟಿ. ಆರಿದ ಮೇಲೆ ಮಧ್ಯಕ್ಕೆ ಕತ್ತರಿಸಿ ಎರಡು ಬಟ್ಟೆಯಲ್ಲಿ ಸುತ್ತುತ್ತೀನಿ. ಬೈಯೋದಿದ್ದರೆ ಇಲ್ಲಿಗೇ ಬಂದು ಬೈ.

ಇನ್ನು ಉಪ್ಪಿನ ವಿಷಯ. ಮೊದಲೆಲ್ಲ ನಾನು ಹಿಟ್ಟು ನಾದುವಾಗ ಉಪ್ಪು ಹಾಕುತ್ತಿದ್ದವನು ನೀನು. ಮೊನ್ನೆ ಹಾಕಿದೆನೋ ಇಲ್ಲವೋ ಅಂತ ಅನುಮಾನ ಬಂತು. ಹಳೇ ಅಭ್ಯಾಸ, 'ಅಣ್ಣಾ, ಉಪ್ಪು ಹಾಕಿದ್ಯಾ?' ಅಂತ ಕೂಗಿಬಿಟ್ಟೆ. ಉತ್ತರ ಬರಲಿಲ್ಲ. ಅದಕ್ಕೇ ಇನ್ನೊಂದು ಸಲ ಹಾಕಿದೆ.

ಶನಿವಾರ ಬಾ. ನೀರಿನ ಮಾತು ನಾನು ಎತ್ತೋದಿಲ್ಲ. ನಾನು ಕೇಳಿದಾಗ 'ಹಾಕಿದೆ' ಅಂತ ನೀನೊಂದು ಮಾತು ಹೇಳಿದರೆ ಸಾಕು.

ನಿನ್ನ ತಂಗಿ