ಒಂದು ಹಲ್ಲು ಮೇಲಿದ್ದ ಹ್ಯಾಂಡ್ ಬ್ರೇಕ್

ಮಗಳೇ ಗಿರಿಜಾ,

ಮಕ್ಕಳಿಗೆ ಬರೆಯುವ ಕಾಗದವನ್ನು ‘ಚಿರಂಜೀವಿ’ ಎಂದು ಆರಂಭಿಸುವುದು ನಮ್ಮ ಪದ್ಧತಿ. ನೀನು ಹಾಸ್ಟೆಲಿನಲ್ಲಿದ್ದಾಗ ನಾನು ಬರೆದ ಪತ್ರಗಳೆಲ್ಲವೂ ಹಾಗೆಯೇ ಆರಂಭವಾಗುತ್ತಿದ್ದವು. ಈ ಸಲ ಆ ಮಾತನ್ನು ಬರೆಯಲಾರೆ. ಅದರ ಸ್ಥಳದಲ್ಲಿ ಏನು ಬರೆಯಬೇಕೆಂಬುದನ್ನು ನನಗೆ ಯಾರೂ ಕಲಿಸಿಲ್ಲ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ವಿಷಯ, ನಿನ್ನ ಕಾರಿನ ಹಿಂದಿನ ಬ್ರೇಕು. ಅದರ ನಿಮಿತ್ತ ನಿನ್ನ ಮೇಲೊಂದು ಆರೋಪ ಬಂದಿತ್ತು. ನೀನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ ನಾನು ಕೊಟ್ಟೆ. ಅದರ ವರದಿ ನಿನಗೆ ಸಲ್ಲತಕ್ಕದ್ದು.

ನಿನ್ನನ್ನು ಮಣ್ಣು ಮಾಡಿ ಮನೆಗೆ ಬಂದ ಸಂಜೆ ಕಾರು ಬೇವಿನ ಮರದ ಕೆಳಗೆ ನಿಂತಿತ್ತು. ಜ್ವರವೆಂದು ಮಲಗುವ ಮೊದಲು ನೀನು ಶಕ್ತಿನಗರದ ಕೆಲಸದಿಂದ ಬಂದು ನಿಲ್ಲಿಸಿದ್ದ ಜಾಗ ಅದು. ಗಾಜಿನ ಮೇಲೆ ಅಲ್ಲಿಯ ವಿದ್ಯುತ್ ಸ್ಥಾವರದ ಬೂದಿ ಇನ್ನೂ ಕುಳಿತಿತ್ತು. ಯಾರೂ ಅದನ್ನು ಮುಟ್ಟಕೂಡದೆಂದು ನಿನ್ನ ಅವ್ವನಿಗೆ ಹೇಳಿದೆ. ಯುಗಾದಿಯ ಹೊತ್ತಿಗೆ ಮಾರುವುದೇ ಸರಿಯೆಂದು ತೀರ್ಮಾನಿಸಿ, ಗಂಜ್ ರಸ್ತೆಯ ಮೆಕ್ಯಾನಿಕ್ ಖಾಜಾನನ್ನು ಕರೆಸಿದೆ. ಹಿಂದಿನ ಎರಡೂ ಚಕ್ರಗಳಿಗೆ, ಡ್ರಮ್ಮಿನೊಳಗೆ ಒತ್ತಿ ಅವನ್ನು ನಿಲ್ಲಿಸುವ ಹೊಸ ಬ್ರೇಕ್ ಶೂ ಹಾಕಿದ. ಇನ್ನು ವರ್ಷಗಟ್ಟಲೆ ನೋಡಬೇಕಾಗಿಲ್ಲ ಎಂದ. ಬ್ಯಾಟರಿ ಸಾಯಬಾರದೆಂದು ಪ್ರತಿ ಭಾನುವಾರ ನಾನು ಊರೊಳಗಿನ ಗಂಜ್ ಮಾರುಕಟ್ಟೆಯವರೆಗೆ ಹೋಗಿ ಬರುತ್ತಿದ್ದೆ. ಮೀಟರಿನ ಅಂಕಿಗಳನ್ನು ಮಾತ್ರ ನೋಡುತ್ತಿರಲಿಲ್ಲ. ನೀನು ಓಡಿಸಿದಷ್ಟೇ ಅಲ್ಲಿ ಇರಲಿ ಎಂದು...

ದಸರೆಗೆ ಮುಂಚೆ ದೇವದುರ್ಗದ ಹತ್ತಿ ವ್ಯಾಪಾರಿಯೊಬ್ಬರು ಕಾರು ನೋಡಲು ಬಂದರು. ಮಳೆಗಾಲದಿಂದ ಮಂಗಳವಾರ ಮತ್ತು ಶುಕ್ರವಾರ ಅಲ್ಲಿಯ ಕಾಲೇಜಿನಲ್ಲಿ ಪಾಠ ಹೇಳಲು ನಾನು ಬಸ್ಸಿನಲ್ಲಿ ಹೋಗುತ್ತಿದ್ದೇನೆ. ಅಲ್ಲಿ ಆದ ಪರಿಚಯ. ಅವರೆದುರಿಗೇ ಖಾಜಾ ಹಿಂದಿನ ಚಕ್ರ ಬಿಚ್ಚಿದ. ಯುಗಾದಿಗೆ ಹಾಕಿದ ಶೂಗಳು ಸವೆದು ತಗಡು ಕಾಣುತ್ತಿತ್ತು. ಮುಂದಿನ ಬ್ರೇಕುಗಳು ಚೆನ್ನಾಗಿಯೇ ಇದ್ದವು; ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ವ್ಯಾಪಾರಿ ನಾಲಿಗೆ ಲೊಚಗುಟ್ಟಿ, “ಸರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹೆಣ್ಮಕ್ಳು ಓಡಿಸಿದ ಗಾಡಿ ಅಂದ್ರ ಹಿಂಗ ಇರ್ತಾದ. ಹ್ಯಾಂಡ್ ಬ್ರೇಕ್ ಎಳಕೊಂಡ ಓಡಿಸ್ತಾರ. ಅದರಾಗ ಶಕ್ತಿನಗರದ ಬೂದಿ ಬ್ಯಾರೆ,” ಎಂದರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತು ಮುಗಿಯುವವರೆಗೆ ಕಾಯುವುದನ್ನು ನಾನು ಅಭ್ಯಾಸ ಮಾಡಿದ್ದೆ. ಆ ದಿನವೂ ಕಾದೆ. ಆಮೇಲೆ ಹೇಳಿದೆ: “ಈ ಶೂ ಹಾಕಿಸಿದ್ದು ಯುಗಾದಿಗೆ. ನನ್ನ ಮಗಳು ತೀರಿಕೊಂಡದ್ದು ಅದರ ಹಿಂದಿನ ಕಾರ್ತಿಕದಾಗ. ಹಾಕದೇ ಇದ್ದ ಶೂ ಆಕಿ ಹ್ಯಾಂಗ ಸವಿಸಿದಳು? ಬೂದಿ ಅಂತೀರಿ. ಆಕಿ ಹೋದ ಮ್ಯಾಲೆ ಈ ಗಾಡಿ ಶಕ್ತಿನಗರದ ಕಡೆ ಮುಖಾನೂ ಮಾಡಿಲ್ಲ.”

“ಸರ ಹೇಳೋದು ಖರೇ ಅದರಿ,” ಎಂದ ಖಾಜಾ. ಸವೆದ ಶೂವನ್ನು ತಿರುಗಿಸಿ ನೋಡಿ, “ಹಂಗಾದ್ರ ಸರ, ನೀವಾ ಎಳಕೊಂಡು ಓಡಿಸಿರಬೇಕು.”

“ನಾನು ಹೋಗೋದು ವಾರಕ್ಕೊಮ್ಮೆ, ಗಂಜ್ ತನಕ. ಲಿವರ್ ಪೂರ್ತಿ ಇಳಿಸಿ, ಕೈಲೆ ಮುಟ್ಟಿ ನೋಡಿ, ಆಮ್ಯಾಲೆ ಗೇರ್ ಹಾಕ್ತೀನಿ.”

“ಮತ್ತ ದೆವ್ವ ಬಂದು ಓಡಿಸ್ತಾದೇನ್ರಿ?” ಎಂದು ನಕ್ಕ. ನಕ್ಕವನು ತಟಕ್ಕನೆ ನಿಂತು ಎರಡೂ ಕೆನ್ನೆ ಮುಟ್ಟಿಕೊಂಡು, “ತೋಬಾ ತೋಬಾ, ಮಾಫ್ ಮಾಡ್ರಿ ಸರ, ಬಾಯಿ ಜಾರಿತು,” ಎಂದ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೇರೆ ಶೂ ಹಾಕೆಂದೆ. ಕಾರಣ ತಿಳಿಯದ ದೋಷವಿರುವ ವಸ್ತುವನ್ನು ಮಾರುವುದಿಲ್ಲವೆಂದು ವ್ಯಾಪಾರಿಗೂ ತಿಳಿಸಿದೆ. ನೀನು ನಿರ್ದೋಷಿಯೆಂಬುದು ಅಲ್ಲಿಗೆ ಸ್ಥಾಪಿತವಾಯಿತು. ಆದರೆ ದೋಷ ಯಾರದೆಂಬುದು ಸ್ಥಾಪಿತವಾಗುವವರೆಗೆ ಜನ ಸುಲಭವಾಗಿ ಸಿಗುವವರ ಹೆಸರನ್ನೇ ಹೇಳುತ್ತಾರೆ, ಅಲ್ಲವೇ? ಸತ್ತವರಿಗಿಂತ ಸುಲಭವಾಗಿ ಸಿಗುವವರು ಯಾರು?

ದೀಪಾವಳಿ ಕಳೆದ ಮೇಲಿನ ಒಂದು ಮಂಗಳವಾರ, ಕಾಲೇಜಿಗೆ ಹಠಾತ್ತನೆ ರಜೆ ಘೋಷಿಸಿದ್ದರಿಂದ ಮಧ್ಯಾಹ್ನವೇ ರಾಯಚೂರಿಗೆ ಮರಳಿದೆ. ಗೇಟು ತೆರೆದಿತ್ತು. ಬೇವಿನ ಮರದ ಕೆಳಗೆ ಕಾರು ಇರಲಿಲ್ಲ. ಮನೆಗೆ ಬೀಗ. ಕಳವೆಂದುಕೊಂಡೆ, ಆದರೆ ಕಳ್ಳ ಮನೆಗೆ ಬೀಗ ಹಾಕಿ ಹೋಗುತ್ತಾನೆಯೇ? ಮೆಟ್ಟಿಲ ಮೇಲೆ ಕುಳಿತೆ. ಬಿಸಿಲು ಇಳಿಯತೊಡಗಿದಾಗ ಕಾರು ಬಂತು. ಎತ್ತಿನ ಗಾಡಿಯ ವೇಗದಲ್ಲಿ, ಆದರೆ ಎಲ್ಲಿಯೂ ತಡವರಿಸದೆ, ಗೇಟಿನೊಳಗೆ ತಿರುಗಿ ತನ್ನ ಜಾಗದಲ್ಲಿ ನಿಂತಿತು. ಇಳಿದವಳು ನಿನ್ನ ಅವ್ವ.

ಹಿಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಅವುಗಳ ಹತ್ತಿರ ಕೈ ಒಯ್ದೆ; ಹಂಚಿನಂತೆ ಕಾದಿದ್ದವು. ಒಳಗೆ ಬಗ್ಗಿ ಹ್ಯಾಂಡ್ ಬ್ರೇಕ್ ತೋರಿಸಿ, “ಇದು ಇಳಿಸಿದ್ದೇನು, ಓಡಿಸುವಾಗ?” ಎಂದು ಕೇಳಿದೆ. ಎಲ್ಲಿಗೆ ಹೋಗಿದ್ದೆ ಎಂದಲ್ಲ, ಯಾವಾಗ ಕಲಿತೆ ಎಂದಲ್ಲ. ಮೊದಲು ಇದನ್ನೇ ಕೇಳಿದೆ.

“ಒಂದು ಹಲ್ಲು ಮ್ಯಾಲೆ ಇಟ್ಟಿರ್ತೀನ್ರಿ, ಒಮ್ಮೆ ‘ಕಟ್’ ಅನ್ನೋ ಅಷ್ಟು.”

“ಎದುರಿಗೆ ಕೆಂಪು ದೀಪ ಹತ್ತತಿರಲಿಲ್ಲೇನು?”

“ಹತ್ತತಿತ್ತು. ಹತ್ತಿದ ದೀಪ ನಾವಾಗಿ ಯಾಕ ಆರಿಸಬೇಕಂತ... ಬ್ರೇಕ್ ಎಚ್ಚರ ಅದ ಅಂತ ತಿಳ್ಕೊಂಡಿದ್ದೆ.”

“ಗಿರಿಜಾ ನಿನಗ ಇದು ಕಲಿಸಲಿಲ್ಲೇನು?” ನನ್ನ ಧ್ವನಿ ಏರಿತೆಂದು ತೋರುತ್ತದೆ. ನಿನ್ನನ್ನು ಬಿಟ್ಟರೆ ಅವಳಿಗೆ ಓಡಿಸಲು ಕಲಿಸುವವರು ಯಾರಿದ್ದರು? ಈ ಪ್ರಶ್ನೆಯ ಉತ್ತರದ ಮೇಲೆ ನಾನು ಗೆದ್ದ ವಾದವೆಲ್ಲ ನಿಂತಿತ್ತು. ನೀನು ಓಡಿಸದಿದ್ದರೂ ತಪ್ಪು ಪಾಠ ನಿನ್ನದಾಗಿದ್ದರೆ?

ನಿನ್ನ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಕಲಿಸಿದ್ಲ್ರಿ. ಇಳಿಸವ್ವಾ, ಪೂರ್ತಿ ಇಳಿಸವ್ವಾ ಅಂತ ದಿನಾ ಬೈತಿದ್ಲು. ಲೈಸೆನ್ಸೂ ಆಕಿನ ಮಾಡಿಸಿಕೊಟ್ಟಾಳ. ಬಾಜೂ ಆಕಿ ಕುಂತಾಗ ಇಳಿಸತಿದ್ದೆ. ಆಗ ಅಂಜಿಕಿ ಇರಲಿಲ್ಲ. ಈಗ ಒಬ್ಬಾಕಿ. ಒಂದು ಹಲ್ಲು ಮ್ಯಾಲಿದ್ರ ಗಾಡಿ ಯಾರೋ ಹಿಡಕೊಂಡಂಗ ಇರ್ತಾದ.”

ಆಗ ಕೇಳಿದೆ, ಎಲ್ಲಿಗೆ ಹೋಗುತ್ತೀ ಎಂದು. ಮಾನ್ವಿ ರಸ್ತೆಯಲ್ಲಿ ಕಲ್ಲೂರಿನ ತನಕ, ತಂಗಿಯ ಮನೆಗೆ ಎಂದಳು. ನಾನು ದೇವದುರ್ಗದ ಬಸ್ಸು ಹತ್ತಿದ ದಿನಗಳಲ್ಲೆಲ್ಲ.

“ಹೇಳಿ ಹೋಗಬಹುದಿತ್ತು. ಬಸ್ಸಿಗೆ ಹೋಗಬಹುದಿತ್ತು.”

“ಬಸ್ಸಿನ್ಯಾಗ ಅಳಾಕ ಬರ್ತಾದೇನ್ರಿ?” ಎಂದಳು. “ಈ ಮನ್ಯಾಗಂತೂ ಬರಂಗಿಲ್ಲ. ನೀವು ಪೇಪರ್ ಕೆಳಗಿಟ್ಟು ನೋಡ್ತೀರಿ. ನಾ ಅಲ್ಲಿಗೆ ಹೋಗಿ ಅತ್ತು ಬರ್ತೀನಿ.”

ನೀನು ಎಂಟನೆಯ ತರಗತಿಯಲ್ಲಿ ಚರ್ಚೆಯೊಂದರಲ್ಲಿ ಸೋತು ಅಳುತ್ತ ಮನೆಗೆ ಬಂದಾಗ, ಕಣ್ಣೀರು ವಾದವಲ್ಲವೆಂದು ಹೇಳಿದ್ದೆ. ನೀನು ಹೋದ ಮೇಲೆ ನಿನ್ನ ಹೆಸರಿನಲ್ಲಿ ಶಿವಗಣಾರಾಧನೆ ಮಾಡಿದ ದಿನ ನಿನ್ನ ಅವ್ವನಿಗೂ ಚಿಕ್ಕವ್ವನಿಗೂ ಅತ್ತದ್ದು ಸಾಕೆಂದು ಹೇಳಿದೆ. ಈ ಮಾತುಗಳಲ್ಲಿ ದೋಷವಿದೆಯೆಂದು ನನಗೆ ಈ ಹೊತ್ತಿಗೂ ಅನ್ನಿಸಿಲ್ಲ. ಆದರೂ ವಾದವನ್ನು ಅಲ್ಲಿಗೇ ಬಿಟ್ಟು ಕಾರಿನ ಬಾಗಿಲು ತೆರೆದೆ. ಅವಳನ್ನು ಮತ್ತೆ ಸೀಟಿನಲ್ಲಿ ಕೂರಿಸಿದೆ. ಗುಂಡಿ ಒತ್ತಿ ಲಿವರನ್ನು ಪೂರ್ತಿ ಕೆಳಗಿಳಿಸಿ ದೀಪ ಆರುವುದನ್ನು ತೋರಿಸಿದೆ. ಅವಳು ಮಾಡಿ ತೋರಿಸಿದಳು. ಇನ್ನೊಮ್ಮೆ ಮಾಡಿಸಿದೆ. ಅವಳು ಕಣ್ಣೊರೆಸಿಕೊಂಡು ಇಳಿದಳು. ನಾನು ಒಳಗೆ ಹೋಗಿ ಪೇಪರ್ ಓದಿದೆ. ಗಿರಿಜಾ, ಈಗೀಗ ನನಗೆ ಏನೂ ಆಗುವುದಿಲ್ಲ. ಊಟ ಮಾಡುತ್ತೇನೆ, ಪಾಠ ಹೇಳುತ್ತೇನೆ, ನಿದ್ದೆಯೂ ಬರುತ್ತದೆ. ಇದು ಧೈರ್ಯವೋ, ಅಥವಾ...

ಮರುದಿನ ವ್ಯಾಪಾರಿಗೆ ಫೋನು ಮಾಡಿ, ಕಾರಣ ತಿಳಿಯಿತೆಂದೆ. “ಹಂಗಾದ್ರ ಗಾಡಿ ಯಾವಾಗ ಒಯ್ಯಲಿ ಸರ?” ಎಂದರು. ಗಾಡಿ ಮಾರುವುದಿಲ್ಲ, ಮನೆಯಲ್ಲಿ ಓಡಿಸುವವರಿದ್ದಾರೆ ಎಂದೆ. “ಯಾರ್ರಿ, ನೀವಾ?” ಎಂದು ಕೇಳಿದರು. “ನಮ್ಮ ಮನೆಯವರು,” ಎಂದೆ. ನನ್ನ ಮಗಳ ಕುರಿತು ಆಡಿದ ಮಾತನ್ನು ಹಿಂತೆಗೆದುಕೊಳ್ಳಿರೆಂದು ಕೇಳಿದೆ. ತೆಗೆದುಕೊಂಡರು. ಖಾಜಾ ಕಾದು ಕೆಟ್ಟಿದ್ದ ಡ್ರಮ್ಮುಗಳನ್ನು ಸಮ ಮಾಡಿಸಿ, ಶೂ ಬದಲಿಸಿ, “ಇನ್ಮ್ಯಾಲೆ ಅಮ್ಮಾರ್ ಶೂ ಸವಿಸಿ ನನಗ ಅನ್ನ ಹಾಕಂಗಿಲ್ಲ ಬಿಡ್ರಿ,” ಎಂದು ನಗುತ್ತ ಕೀಲಿಕೈಯನ್ನು ಅವಳ ಕೈಗೇ ಕೊಟ್ಟು ಹೋದ.

ಕಳೆದ ಮಂಗಳವಾರ ನಾನು ಬಸ್ ನಿಲ್ದಾಣಕ್ಕೆ ಹೋಗಲಿಲ್ಲ. ಬ್ರೇಕು ಪರೀಕ್ಷಿಸಬೇಕೆಂಬ ನೆಪದಿಂದ ಎಡಗಡೆಯ ಸೀಟಿನಲ್ಲಿ ಕುಳಿತೆ. ಅವ್ವನಿಗೆ ಕಲಿಸುವಾಗ ನೀನು ಕೂರುತ್ತಿದ್ದ ಸೀಟು. ಕಲ್ಲೂರಿನಲ್ಲಿ ನಾನು ಹೊರಗಿನ ಕಟ್ಟೆಯ ಮೇಲೆಯೇ ಉಳಿದೆ. ಅವರ ಸಮಯ ಅವರದು. ಒಳಗಿನಿಂದ ಅಳು ಕೇಳಿಸುತ್ತದೆಂದು ನಾನು ಸಿದ್ಧನಾಗಿದ್ದೆ. ಕೇಳಿಸಿದ್ದು ನಗು. ಗಾಬರಿಯಾಗಿ ಬಾಗಿಲಿಗೆ ಹೋಗಿ ನಿಂತೆ. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡರು.

“ಏನದು?” ಎಂದೆ.

“ಏನಿಲ್ರಿ ಮಾವಾರ,” ಎಂದಳು ನಿನ್ನ ಚಿಕ್ಕವ್ವ. ಅಕ್ಕನ ಮುಖ ನೋಡಿ ಧೈರ್ಯ ತಂದುಕೊಂಡು, “ನಮ್ಮ ಗಿರಿಜಾ ಬಂದಾಗೊಮ್ಮೆ ನಿಮ್ಮಂಗ ಮಾಡಿ ತೋರಿಸ್ತಿದ್ಲ್ರಿ. ಕೈ ಹಿಂದ ಕಟ್ಟಿ, ಗದ್ದ ಮ್ಯಾಲೆತ್ತಿ, ‘ಮಾನ್ಯ ಅಧ್ಯಕ್ಷರೇ, ಸಾರಿಗೆ ಉಪ್ಪು ಸಾಲದೆಂಬುದನ್ನು ನಾನು ನಿರ್ವಿವಾದವಾಗಿ ಸಾಬೀತುಪಡಿಸುತ್ತೇನೆ’ ಅಂತ...”

ಹೇಳುತ್ತಿರುವಾಗಲೇ ಅವಳಿಗೆ ಅಳು ಬಂತು. ನಿನ್ನ ಅವ್ವನಿಗೂ ಬಂತು. ನೀನು ನನ್ನನ್ನು ಅಣಕಿಸುತ್ತಿದ್ದೆಯೆಂಬುದು ನನಗೆ ಗೊತ್ತಿರಲಿಲ್ಲ. ನನ್ನೆದುರು ಒಮ್ಮೆಯೂ ಮಾಡಲಿಲ್ಲ, ಏಕೆ? ನಾನು ನಗುವುದಿಲ್ಲವೆಂದೇ? ನಗುತ್ತಿರಲಿಲ್ಲ, ನಿಜ. ಆ ದಿನವೂ ನಗಲಿಲ್ಲ, ಅಳಲೂ ಇಲ್ಲ. ಒಳಗೆ ಹೋಗಿ ಅವರ ನಡುವಿನ ಚಾಪೆಯ ಮೇಲೆ ಕುಳಿತು, “ಇನ್ನೊಮ್ಮೆ ಮಾಡಿ ತೋರಿಸವ್ವಾ,” ಎಂದೆ. ನಿನ್ನ ಚಿಕ್ಕವ್ವ ಕಣ್ಣೊರೆಸಿಕೊಂಡು ಎದ್ದು ನಿಂತಳು. ಗದ್ದ ಇನ್ನೂ ಸ್ವಲ್ಪ ಮೇಲಿರಬೇಕೆಂದು ನಿನ್ನ ಅವ್ವ ತಿದ್ದಿದಳು.

ಮಂಗಳವಾರದ ಪಾಠವನ್ನು ಬಿಡುವುದಾಗಿ ದೇವದುರ್ಗದ ಕಾಲೇಜಿಗೆ ತಿಳಿಸಿದ್ದೇನೆ. ಆ ದಿನ ಕಲ್ಲೂರಿಗೆ ಹೋಗುತ್ತೇನೆ. ನೀನು ಮಾಡಿ ತೋರಿಸಿದ್ದು ಇನ್ನೂ ಬಹಳ ಇದೆಯಂತೆ. ಶುಕ್ರವಾರ ನಿನ್ನ ಅವ್ವ ಒಬ್ಬಳೇ ಹೋಗಿ ಬರುತ್ತಾಳೆ. ಅಂದು ಅವರು ಏನು ಮಾತಾಡಿದರೆಂದು ನಾನು ಕೇಳುವುದಿಲ್ಲ.

ನಿನ್ನ ತಂದೆ